ಟೆಲಿಪೋರ್ಟ್ ಬಂದರೂ ಕ್ಯೂ ತಪ್ಪಲ್ಲ

ಸಾರಿಗೆ ಯೋಜನೆಗಳ ಖರ್ಚು-ವೆಚ್ಚ ನೋಡೋದು ನನ್ನ ಕೆಲಸ. ಟೆಲಿಪೋರ್ಟೇಶನ್, ಅಂದರೆ ಮನುಷ್ಯನನ್ನ ಇಲ್ಲಿ ಮಾಯ ಮಾಡಿ ಕ್ಷಣದಲ್ಲಿ ಇನ್ನೊಂದು ಕಡೆ ಪ್ರತ್ಯಕ್ಷ ಮಾಡೋದು, ಅದರ ವಿಷಯ ತೆಗೆಯುವವರೆಲ್ಲ ಕೇಳೋದು ಒಂದೇ: ‘ಒಬ್ಬರನ್ನ ಕಳಿಸೋಕೆ ಕರೆಂಟ್ ಎಷ್ಟು ಬೇಕಾಗುತ್ತೆ ಸಾರ್?’ ಅದೊಂದು ಅಗ್ಗವಾದರೆ ಬಸ್ಸು, ರೈಲು ಎಲ್ಲ ಗುಜರಿಗೆ ಅಂತ ನಂಬಿಕೆ.

ಅದು ಆಗುತ್ತೋ ಇಲ್ಲವೋ ಭೌತವಿಜ್ಞಾನಿಗಳು ಹೇಳಲಿ. 1993ರಲ್ಲಿ ಚಾರ್ಲ್ಸ್ ಬೆನೆಟ್ ಮತ್ತು ಸಂಗಡಿಗರು ಕ್ವಾಂಟಮ್ ಟೆಲಿಪೋರ್ಟೇಶನ್‌ನ ದಾರಿ ತೋರಿಸಿದರು. 1997ರಲ್ಲಿ ಬೇರೆ ವಿಜ್ಞಾನಿಗಳು ಬೆಳಕಿನ ಕಣದ ಮೇಲೆ ಅದನ್ನು ಮಾಡಿಯೂ ತೋರಿಸಿದರು. ಅಲ್ಲಿ ಕಣ ಎಲ್ಲಿಗೂ ಹೋಗಲ್ಲ, ಅದರ ಸ್ಥಿತಿ ಮಾತ್ರ ಹೋಗುತ್ತೆ. 70 ಕಿಲೋ ತೂಗುವ ಮನುಷ್ಯನ ಮೈಯಲ್ಲಿ ಸುಮಾರು 7ರ ಮುಂದೆ 27 ಸೊನ್ನೆ ಹಾಕಿದಷ್ಟು ಪರಮಾಣುಗಳಿವೆ. ಒಂದೊಂದಕ್ಕೆ ಬರೀ ಒಂದು ಬಿಟ್ ಮಾಹಿತಿ ಸಾಕು ಅಂದರೂ, ಸೆಕೆಂಡಿಗೆ ಲಕ್ಷ ಕೋಟಿ ಬಿಟ್ ಸಾಗಿಸುವ ಲೈನಿನಲ್ಲಿ ಒಬ್ಬರು ದಾಟೋಕೆ ಸುಮಾರು 22 ಕೋಟಿ ವರ್ಷ ಬೇಕು.

ಹೋಗಲಿ, ಅದೂ ಬಗೆಹರಿಯಿತು, ಕರೆಂಟೂ ಬಿಟ್ಟಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ನನ್ನ ತಕರಾರು ಶುರುವಾಗೋದೇ ಇಲ್ಲಿಂದ.

ಹೋಗೋಕೆ ಕ್ಷಣ ಸಾಕು, ಸರಿ. ಆದರೆ ಟೆಲಿಪೋರ್ಟ್ ಬೂತ್ ಒಳಗೆ ಬರಬೇಕು, ಬ್ಯಾಗು ಇಳಿಸಬೇಕು, ಮಗುವನ್ನ ಹತ್ತಿರ ಎಳೆದುಕೊಳ್ಳಬೇಕು, ಬಾಗಿಲು ಹಾಕಬೇಕು, ತಪಾಸಣೆ ಮುಗಿಯಬೇಕು. ಒಬ್ಬರಿಗೆ ಒಂದು ನಿಮಿಷ ಅಂದರೂ ಕಡಿಮೆಯೇ. ಅಲ್ಲಿಗೆ ಗಂಟೆಗೆ 60 ಜನ. ಚೆನ್ನಾಗಿ ನಡೆಯುವ ಮೆಟ್ರೋ ಲೈನು ಒಂದು ದಿಕ್ಕಿನಲ್ಲೇ ಗಂಟೆಗೆ 30,000 ಜನರನ್ನು ಸಾಗಿಸುತ್ತೆ. ಅದಕ್ಕೆ ಸಮ ಬರೋಕೆ 500 ಬೂತ್ ಬೇಕು. ಆ ಕಡೆ ಇಳಿಯೋಕೆ ಇನ್ನೂ 500, ಅವೂ ಅದೇ ಹೊತ್ತಿಗೆ ಖಾಲಿ ಇರಬೇಕು.

ಆ ಹೊತ್ತು ಯಾವುದು? ಬೆಳಿಗ್ಗೆ ಒಂಬತ್ತು! ಎಲ್ಲರಿಗೂ ಆಫೀಸಿನ ಕಡೆಗೇ ಹೋಗಬೇಕು. ಅಲ್ಲಿ ಒಬ್ಬರು ಹೊರಗೆ ಕಾಲಿಡದೆ ಇನ್ನೊಬ್ಬರು ಇಳಿಯುವಂತಿಲ್ಲ. ಮಧ್ಯಾಹ್ನ ಅವೇ ಬೂತುಗಳು ನೊಣ ಹೊಡೆಯುತ್ತಾ ನಿಂತಿರುತ್ತವೆ. ಸಂಜೆ ಮತ್ತೆ ಅದೇ ನೂಕುನುಗ್ಗಲು, ಉಲ್ಟಾ ದಿಕ್ಕಿಗೆ. ಯಂತ್ರ ಕೊಳ್ಳೋದು ದಿನದ ನಾಲ್ಕು ಗಂಟೆಗಾಗಿ, ಸಾಲದ ಬಡ್ಡಿ ಕಟ್ಟೋದು ಇಪ್ಪತ್ನಾಲ್ಕು ಗಂಟೆಗೂ. ಟಿಕೆಟ್ ದರವನ್ನು ಹೆಚ್ಚಾಗಿ ತೀರ್ಮಾನಿಸೋದು ಇದೇ, ಕರೆಂಟ್ ಬಿಲ್ ಅಲ್ಲ.

ಎತ್ತರದ ಕಟ್ಟಡದ ಲಿಫ್ಟ್ ನೋಡಿ. ಮೇಲೆ ಹೋಗೋಕೆ ಅರ್ಧ ನಿಮಿಷ, ಕೆಳಗೆ ನಿಂತು ಕಾಯೋದು ಐದು ನಿಮಿಷ.

ಒಬ್ಬ ಹುಡುಗ ಇದೇ ಟೆಲಿಪೋರ್ಟ್ ಲೆಕ್ಕಕ್ಕೆ ಚೆಂದದ ಎಕ್ಸೆಲ್ ಶೀಟ್ ಮಾಡಿಕೊಂಡು ಬಂದಿದ್ದ. ಬಣ್ಣ ಬಣ್ಣದ ಕಾಲಮ್ಮುಗಳು. ‘ಕಾಯುವ ಸಮಯ’ ಅನ್ನೋ ಕಡೆ ಸೊನ್ನೆ. ‘ಕ್ಷಣದಲ್ಲಿ ಹೋಗ್ತಾರಲ್ವಾ ಸಾರ್?’ ಅಂದ. ಬುದ್ಧಿವಂತ ಹುಡುಗ, ಬೈಯೋಕೆ ಮನಸ್ಸು ಬರಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಒಂದೇ ಬೂತಿನ ಲೆಕ್ಕ ಬರೆದುಕೊಟ್ಟೆ. ಜನ ಒಂದೇ ಸಮನೆ ಬರಲ್ಲ, ಒಬ್ಬರಿಗೆ ಹೆಚ್ಚು ಹೊತ್ತು, ಒಬ್ಬರಿಗೆ ಕಡಿಮೆ, ಸರಾಸರಿ ಒಂದು ನಿಮಿಷ ಹಿಡಿಯುತ್ತೆ ಅಂದುಕೊಳ್ಳಿ. ಬೂತ್ ಶೇ. 80ರಷ್ಟು ಹೊತ್ತು ತುಂಬಿದ್ದರೆ ಕ್ಯೂನಲ್ಲಿ ಸರಾಸರಿ 4 ನಿಮಿಷ. ಶೇ. 90 ಆದರೆ 9. ಶೇ. 95ಕ್ಕೆ ಹೋದರೆ 19. ಬೂತುಗಳು ಜಾಸ್ತಿ ಇದ್ದು, ಕ್ಯೂ ಒಂದೇ ಇದ್ದರೆ ಈ ಅಂಕಿ ಇಳಿಯುತ್ತೆ, ನಿಜ. ಆದರೆ ಜಾಸ್ತಿ ಬೂತಿಗೆ ದುಡ್ಡು ಬೇಕಲ್ಲ.

ಇನ್ನೊಂದು ಮಾತು, ಸ್ವಲ್ಪ ಹುಷಾರಾಗಿಯೇ ಹೇಳ್ತೀನಿ. ಜನ ಸರಾಸರಿ ದಿನಕ್ಕೆ ಒಂದು ಗಂಟೆಯ ಆಸುಪಾಸು ಓಡಾಟಕ್ಕೆ ಕಳೆಯುತ್ತಾರೆ, ವೇಗ ಹೆಚ್ಚಾದರೆ ಮನೆಯನ್ನೇ ದೂರ ಮಾಡಿಕೊಳ್ಳುತ್ತಾರೆ ಅಂತ ಯಾಕೊವ್ ಜಹಾವಿ, ಚೆಸಾರೆ ಮಾರ್ಕೆಟ್ಟಿ ಅನ್ನೋ ಸಂಶೋಧಕರು ವಾದಿಸಿದ್ದರು. ಎಲ್ಲರೂ ಒಪ್ಪಲ್ಲ. ಅರ್ಧ ನಿಜವಾದರೂ ಓಡಾಟ ಹೆಚ್ಚುತ್ತೆ, ಈಗಿನ ಪ್ರಯಾಣಿಕರ ಸಂಖ್ಯೆ ಇಟ್ಟುಕೊಂಡು ಬೂತ್ ಲೆಕ್ಕ ಹಾಕಿದವರು ಮೊದಲ ವರ್ಷವೇ ಸಿಕ್ಕಿಬೀಳ್ತಾರೆ.

ಬರೀ ವೇಗವನ್ನೇ ಮಾರಿದ, ಶಬ್ದಕ್ಕಿಂತ ಜೋರಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನ 1976ರಿಂದ 2003ರವರೆಗೆ ಪ್ರಯಾಣಿಕರನ್ನು ಹೊತ್ತು ಹಾರಿತು. ವಿಮಾನಯಾನ ಸಂಸ್ಥೆಗಳು ಓಡಿಸಿದ್ದು ಕೇವಲ 14. ಹಣವಂತರು ಹತ್ತಿದರು, ಉಳಿದವರು ಕೆಳಗೆ ನಿಂತು ನೋಡಿದರು.

ನನ್ನನ್ನು ಕೇಳಿದರೆ, ಇಂಥ ಯಂತ್ರ ಬಂದರೆ ಮೊದಲು ಸಾಮಾನು ಕಳಿಸೋಕೆ ಇಡಿ. ಪಾರ್ಸೆಲ್‌ಗೆ ಒಂಬತ್ತು ಗಂಟೆಯ ಮೀಟಿಂಗ್ ಇರಲ್ಲ. ರಾತ್ರಿ ಎರಡಕ್ಕೆ ಕಳಿಸಿದರೂ ನಡೆಯುತ್ತೆ, ಬೂತ್ ದಿನವಿಡೀ ದುಡಿಯುತ್ತೆ.