ಬಿಪಿ ನಾರ್ಮಲ್ ಇದೆ ಡಾಕ್ಟ್ರೇ!

ಪೊರೆ ಆಪರೇಷನ್ ಆದ ಮರುದಿನ ಬೆಳಿಗ್ಗೆ ಆಗಾಗ ಕೇಳುವ ಮಾತಿದು: "ರಾತ್ರಿಯೆಲ್ಲ ತಲೆನೋವು, ಎರಡು ಸಲ ವಾಂತಿ. ಪಿತ್ತ ಇರ್ಬೇಕು ಅಂತ ಶುಂಠಿ ಕಷಾಯ ಕೊಟ್ವಿ. ಬಿಪಿ ನೋಡಿದ್ವಿ, ನಾರ್ಮಲ್ ಇತ್ತು."

ಬಿಪಿ ನಾರ್ಮಲ್ ಇರಲಿ, ಸಂತೋಷ. ಆದರೆ ಈ ತಲೆನೋವಿಗೆ ಕಾರಣ ಕಣ್ಣಿನ ಪ್ರೆಷರ್ ಇರಬಹುದು, ಅದು ಬೇರೆ. ಬಿಪಿ ರಕ್ತದ್ದು, ಇದು ನೀರಿನದು. ಕಣ್ಣೊಳಗೆ ಒಂದು ತಿಳಿನೀರು ಸದಾ ಹುಟ್ಟುತ್ತಿರುತ್ತದೆ, ಅಂಚಿನಲ್ಲಿರುವ ಜರಡಿಯಂಥ ದಾರಿಯಲ್ಲಿ ಹರಿದು ಹೋಗುತ್ತಿರುತ್ತದೆ. (ಕಣ್ಣೀರಲ್ಲ. ಅದನ್ನೂ ಕೇಳುತ್ತಾರೆ.) ಬರುವುದೂ ಹೋಗುವುದೂ ಸಮ ಇದ್ದರೆ ಪ್ರೆಷರ್ ಸುಮಾರು 10ರಿಂದ 21ರೊಳಗೆ (ಬಿಪಿಯ ಹಾಗೆ ಇದರ ಅಳತೆಯೂ ಪಾದರಸದ ಮಿಲಿಮೀಟರಿನಲ್ಲೇ). ತೋಳಿಗೆ ಪಟ್ಟಿ ಸುತ್ತಿದರೆ ಇದು ಗೊತ್ತಾಗುವುದಿಲ್ಲ. ಬಿಪಿ ಸರಿಯಿದ್ದವರ ಕಣ್ಣಲ್ಲೂ 40 ಇರಬಹುದು. ಬಿಪಿ ಮಾತ್ರೆ ಒಂದು ಜಾಸ್ತಿ ನುಂಗಿದರೆ ಅದು ಇಳಿಯುವುದಿಲ್ಲ. ದಯವಿಟ್ಟು ನುಂಗಬೇಡಿ.

ಆಪರೇಷನ್ ನಡೆಯುವಾಗ ಲಗಾಮು ನಮ್ಮ ಕೈಯಲ್ಲಿರುತ್ತದೆ. ಕಣ್ಣೊಳಗೆ ನೀರು ಹರಿಸುವ, ಸ್ಟ್ಯಾಂಡಿನ ಮೇಲಿನ ಬಾಟಲಿ ಎತ್ತಿದರೆ ಪ್ರೆಷರ್ ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ಸ್ವಲ್ಪ ಹೊತ್ತು 60 ಮುಟ್ಟುವುದೂ ಉಂಟು. ತಲೆನೋವು ಆಮೇಲಿನದು. ಒಳಗೆ ಕೆಲಸಕ್ಕೆ ಜಾಗ ಮಾಡಿಕೊಳ್ಳಲು ಒಂದು ಜೆಲ್ಲಿ ತುಂಬಿ, ಕೊನೆಗೆ ತೊಳೆದು ತೆಗೆಯುತ್ತೇವೆ. ಎಷ್ಟು ತೊಳೆದರೂ ಹೊಸದಾಗಿ ಕೂರಿಸಿದ ಲೆನ್ಸಿನ ಹಿಂದೆ ಚೂರು ಉಳಿಯಬಹುದು. ಬಚ್ಚಲ ತೂತಿಗೆ ಕೂದಲು ಸಿಕ್ಕಿಕೊಂಡ ಹಾಗೆ ಅದು ಆ ಜರಡಿಗೆ ಅಡ್ಡ ಕೂರುತ್ತದೆ. ಪ್ರೆಷರ್ ತೀರಾ ಏರುವುದು ಸಾಮಾನ್ಯವಾಗಿ 4ರಿಂದ 8 ಗಂಟೆಯ ನಂತರ. ಅಂದರೆ ನೀವು ಮನೆ ಸೇರಿ, ಊಟ ಮಾಡಿ ಮಲಗುವ ಹೊತ್ತಿಗೆ. ಊರೂರಲ್ಲಿ ಸಾಮೂಹಿಕ ಕಣ್ಣಿನ ಆಪರೇಷನ್ ಮಾಡುತ್ತಿದ್ದ ಡಾ. ಎಂ.ಸಿ. ಮೋದಿಯವರ ಶಿಬಿರಗಳ ಕಾಲದಲ್ಲಿ ರೋಗಿಗಳು ದಿನಗಟ್ಟಲೆ ಅಲ್ಲೇ ಮಲಗಿರುತ್ತಿದ್ದರು. ಈಗ ಆ ರಾತ್ರಿ ಕಾಯುವವರು ಮನೆಯವರೇ.

ಬಹಳಷ್ಟು ಜನರಲ್ಲಿ ಒಂದು ದಿನದೊಳಗೆ ತಾನಾಗಿಯೇ ಇಳಿಯುತ್ತದೆ, ಗಾಬರಿ ಬೇಡ. ಆದರೆ ಮೊದಲೇ ಗ್ಲಾಕೋಮಾ (ಕಣ್ಣಿನ ನರ ಮೆಲ್ಲಗೆ ಹಾಳಾಗುವ ಕಾಯಿಲೆ) ಇದ್ದವರ ಕಣ್ಣಿನ ನರ ಇಷ್ಟನ್ನೂ ತಡೆಯದೇ ಇರಬಹುದು. ಆಪರೇಷನ್ ಆದ ಕಣ್ಣಿನ ಹುಬ್ಬಿನ ಮೇಲೆ ಒತ್ತುವಂಥ ನೋವು, ವಾಕರಿಕೆ, ಮಂಜು ಕವಿದಂಥ ನೋಟ, ಬಲ್ಬಿನ ಸುತ್ತ ಬಣ್ಣದ ಬಳೆ ಇದ್ದರೆ ರಾತ್ರಿ ಎರಡಾದರೂ ಫೋನ್ ಮಾಡಿ. ಬೈಯುವುದಿಲ್ಲ.

ಒಬ್ಬರು ನಿವೃತ್ತ ಮೇಷ್ಟ್ರು ಹೀಗೇ ಬೆಳಿಗ್ಗೆ ಬಂದರು, ತಲೆಗೆ ಟವೆಲ್ ಬಿಗಿದುಕೊಂಡು. ಮಗನ ಕೈಯಲ್ಲಿ ಬಿಪಿ ಬರೆದ ಚೀಟಿ, 130/80. ಕಣ್ಣು ನೋಡಿದರೆ 44. ಗದ್ದ ಇಡುವ ಮಷಿನ್ ಮುಂದೆ ಕೂರಿಸಿ, ಆಪರೇಷನ್ನಿಗೆ ಮಾಡಿದ್ದ ಸಣ್ಣ ತೂತಿನ ಅಂಚನ್ನು ಮೆಲ್ಲಗೆ ಒತ್ತಿ ಒಳಗಿನ ಎರಡು ಹನಿ ನೀರು ಹೊರಗೆ ಬಿಟ್ಟೆ. (ಇದನ್ನು ಮನೆಯಲ್ಲಿ ಮಾಡುವಂತಿಲ್ಲ, ಕಣ್ಣು ಉಜ್ಜುವಂತೆಯೂ ಇಲ್ಲ.) ಡ್ರಾಪ್ಸ್ ಹಾಕಿ, ಕಣ್ಣಿನ ಪ್ರೆಷರ್ ಇಳಿಸುವ ಮಾತ್ರೆ ಕೊಡುವ ಮುಂಚೆ ಕಿಡ್ನಿ ತೊಂದರೆ, ಸಲ್ಫಾ ಅಲರ್ಜಿ ವಿಚಾರಿಸುತ್ತಿದ್ದೆ. ಮೇಷ್ಟ್ರು ಟವೆಲ್ ಬಿಚ್ಚಿ ಮಡಚಿಟ್ಟರು.

"ತಲೆ ಹಗುರ ಆಯ್ತು ಡಾಕ್ಟ್ರೇ. ಅಲ್ಲಾ, ಈಗ ಹೋಗಿದ್ದು ಪಿತ್ತಾನೇ ಅಲ್ವಾ?"