ಲ್ಯಾಪ್‌ಟಾಪ್‌ಗೆ ಚಿಕ್ಕ ವೈರ್‌ಲೆಸ್ ಮೌಸ್ ಬೇಕು, ಡಾಂಗಲ್ ಇರೋದು ತಗೊಳ್ಲಾ ಬ್ಲೂಟೂತ್ ತಗೊಳ್ಲಾ?

ಪ್ರಶ್ನೆ: ಹೊಸ ಲ್ಯಾಪ್‌ಟಾಪ್ ತಗೊಂಡಿದೀನಿ, ದಿನಾ ಬ್ಯಾಗಲ್ಲಿ ಹಾಕ್ಕೊಂಡು ಆಫೀಸಿಗೆ ಹೋಗ್ಬೇಕು. ಟಚ್‌ಪ್ಯಾಡಲ್ಲಿ ಎಕ್ಸೆಲ್ ಕೆಲಸ ಆಗ್ತಾ ಇಲ್ಲ. ಚಿಕ್ಕದೊಂದು ವೈರ್‌ಲೆಸ್ ಮೌಸ್ ನೋಡ್ತಿದೀನಿ, ಕೆಲವಕ್ಕೆ ಡಾಂಗಲ್ (ಲ್ಯಾಪ್‌ಟಾಪಿನ ಯುಎಸ್‌ಬಿಗೆ ಚುಚ್ಚೋ ಪುಟ್ಟ ರಿಸೀವರ್) ಇದೆ, ಕೆಲವು ಬರೀ ಬ್ಲೂಟೂತ್. ಯಾವ್ದು ಒಳ್ಳೇದು?

ಉತ್ತರ: ಎರಡೂ ಇರೋದು ಸಿಕ್ಕಿದ್ರೆ ಕಣ್ಣು ಮುಚ್ಕೊಂಡು ಅದನ್ನೇ ತಗೊಳ್ಳಿ, ಸ್ವಲ್ಪ ದುಡ್ಡು ಜಾಸ್ತಿ ಆದ್ರೂ ಪರವಾಗಿಲ್ಲ. ಒಂದೇ ಆರಿಸ್ಬೇಕು ಅಂದ್ರೆ ಮೌಸ್ ನೋಡೋಕೆ ಮುಂಚೆ ನಿಮ್ಮ ಲ್ಯಾಪ್‌ಟಾಪನ್ನ ಎತ್ತಿ ಎರಡೂ ಸೈಡು ನೋಡಿ. ಹಳೇ ಥರದ ಅಗಲ ಯುಎಸ್‌ಬಿ ಪೋರ್ಟ್ ಎಷ್ಟಿದೆ? ಈಗಿನ ತೆಳ್ಳನೆ ಲ್ಯಾಪ್‌ಟಾಪ್ ಕೆಲವದ್ರಲ್ಲಿ ಬರೀ ಟೈಪ್ ಸಿ ಇರತ್ತೆ, ಅದಕ್ಕೆ ಸಾಮಾನ್ಯ ಡಾಂಗಲ್ ಹಾಕ್ಬೇಕಂದ್ರೆ ಮಧ್ಯೆ ಒಂದು ಕನ್ವರ್ಟರ್ ಬೇಕು, ಅದು ಹೊರಗೆ ಚಾಚ್ಕೊಂಡಿರತ್ತೆ, ಹಾಗೇ ಬ್ಯಾಗಿಗೆ ಹಾಕಿದ್ರೆ ಒಂದಿನ ಪೋರ್ಟ್ ಸಮೇತ ಹಾಳಾಗತ್ತೆ. ಅಂಥ ಲ್ಯಾಪ್‌ಟಾಪ್ ಆದ್ರೆ ಬ್ಲೂಟೂತ್ ತಗೊಳ್ಳಿ. ಅಗಲ ಪೋರ್ಟ್ ಎರಡು ಮೂರಿದ್ದು ಒಂದು ಯಾವಾಗ್ಲೂ ಖಾಲಿ ಇರತ್ತೆ ಅನ್ನೋ ಹಾಗಿದ್ರೆ ಡಾಂಗಲ್ ಇರೋದೇ ಸುಖ.

ಯಾಕೆ ಸುಖ ಅಂದ್ರೆ, ಚುಚ್ಚಿದ ತಕ್ಷಣ ಓಡತ್ತೆ, ಪೇರಿಂಗ್ ಗೀರಿಂಗ್ ಏನೂ ಇಲ್ಲ. ವಿಂಡೋಸ್ ಲೋಡ್ ಆಗೋಕೆ ಮುಂಚೇನೂ, ವಿಂಡೋಸ್ ಮತ್ತೆ ಹಾಕುವಾಗ್ಲೂ ಸಾಮಾನ್ಯವಾಗಿ ಕೆಲಸ ಮಾಡತ್ತೆ, ಬ್ಲೂಟೂತ್ ಮೌಸ್ ಆ ಹೊತ್ತಲ್ಲಿ ಕೈ ಕೊಡತ್ತೆ. ಲ್ಯಾಪ್‌ಟಾಪ್ ನಿದ್ದೆಯಿಂದ ಎದ್ದಾಗ ಬ್ಲೂಟೂತ್ ಮೌಸ್ ಮತ್ತೆ ಕನೆಕ್ಟ್ ಆಗೋಕೆ ಒಂದೆರಡು ಸೆಕೆಂಡ್ ತಗೊಳ್ಳೋದುಂಟು. ಇನ್ನು ಆಫೀಸ್ ಲ್ಯಾಪ್‌ಟಾಪ್ ಆದ್ರೆ ಕೆಲವು ಕಡೆ ಐಟಿಯವ್ರು ಬ್ಲೂಟೂತನ್ನೇ ಆಫ್ ಮಾಡಿಟ್ಟಿರ್ತಾರೆ, ಕೊಳ್ಳೋಕೆ ಮುಂಚೆ ಒಂದ್ಸಲ ಕೇಳ್ಕೊಳ್ಳಿ.

ಆದ್ರೆ ಡಾಂಗಲ್ ಕಳೆದೋದ್ರೆ ಕಥೆ ಮುಗೀತು. ಕಡಿಮೆ ಬೆಲೆಯ ಮೌಸುಗಳಲ್ಲಿ ಆ ಡಾಂಗಲ್ಲಿಗೆ ಆ ಮೌಸೇ ಜೋಡಿ, ಬೇರೆ ಡಾಂಗಲ್ ತಂದು ಹಾಕಿದ್ರೆ ನಡೆಯಲ್ಲ. ಲಾಜಿಟೆಕ್‌ನವ್ರು 2009ರಲ್ಲಿ ಯೂನಿಫೈಯಿಂಗ್ ಅಂತ ಒಂದು ತಂದ್ರು, ಒಂದೇ ಡಾಂಗಲ್ಲಿಗೆ ಆರು ಮೌಸ್ ಕೀಬೋರ್ಡ್ ತನಕ ಸೇರಿಸ್ಬಹುದು, 2021ರಲ್ಲಿ ಬೋಲ್ಟ್ ಅಂತ ಇನ್ನೊಂದು ಬಂತು, ಆದ್ರೆ ಇವೆರಡು ಒಂದಕ್ಕೊಂದು ಕೂಡಲ್ಲ. ಅದಕ್ಕೇ ಮೌಸ್ ತಿರುಗಿಸಿ ನೋಡಿ, ಹೊಟ್ಟೆ ಒಳಗೆ ಅಥವಾ ಶೆಲ್ ಹಾಕೋ ಜಾಗದ ಪಕ್ಕ ಡಾಂಗಲ್ ಇಡೋಕೆ ಪುಟ್ಟ ಗೂಡು ಇದೆಯಾ ಅಂತ. ಬ್ಯಾಗಲ್ಲಿ ಓಡಾಡೋ ಮೌಸಿಗೆ ಅದು ಇರ್ಲೇಬೇಕು.

ಈಗ ತುಂಬಾ ಜನ ಗೊತ್ತಿಲ್ದೆ ಒದ್ದಾಡೋ ವಿಷಯ ಒಂದಿದೆ. ಮೌಸ್ ಹೊಸದು, ಶೆಲ್ಲೂ ಹೊಸದು, ಆದ್ರೂ ಬಾಣ ತಡವರಿಸ್ತಾ ತಡವರಿಸ್ತಾ ಓಡತ್ತೆ, ಅದೂ ಹಾರ್ಡ್‌ಡಿಸ್ಕ್ ಅಥವಾ ಪೆನ್‌ಡ್ರೈವಿಂದ ಫೈಲ್ ಕಾಪಿ ಮಾಡುವಾಗ್ಲೇ ಜಾಸ್ತಿ. ಮೌಸ್ ಡಿಫೆಕ್ಟ್ ಅಂತ ವಾಪಸ್ ಕೊಟ್ಟು ಇನ್ನೊಂದು ತರ್ತಾರೆ, ಅದೂ ಹಾಗೇ ಮಾಡತ್ತೆ! ತಪ್ಪು ಮೌಸಿಂದಲ್ಲ. ಯುಎಸ್‌ಬಿ 3.0 ಅನ್ನೋ ವೇಗದ ಪೋರ್ಟಲ್ಲಿ ಡೇಟಾ ಜೋರಾಗಿ ಓಡುವಾಗ ಅದರಿಂದ ರೇಡಿಯೋ ಗದ್ದಲ ಹೊರಗೆ ಸೋರತ್ತೆ, ಅದು 2.4 ಗಿಗಾಹರ್ಟ್ಜ್ ಸುತ್ತಮುತ್ತಾನೂ ಬೀಳತ್ತೆ, ನಿಮ್ಮ ಮೌಸಿನ ಡಾಂಗಲ್ ಮಾತಾಡೋದೂ ಅದೇ 2.4ರಲ್ಲಿ. ಇಂಟೆಲ್ ಕಂಪನಿಯವ್ರೇ 2012ರಲ್ಲಿ ಇದರ ಬಗ್ಗೆ ಒಂದು ಪೇಪರ್ ಬರೆದು ಹಾಕಿದಾರೆ. ಪರಿಹಾರ ಸುಲಭ: ಹಾರ್ಡ್‌ಡಿಸ್ಕ್ ಎಡಗಡೆ ಇದ್ರೆ ಡಾಂಗಲ್ ಬಲಗಡೆ ಹಾಕಿ, ಎರಡೂ ಒಂದೇ ಕಡೆ ಅಕ್ಕಪಕ್ಕ ಬೇಡ. ಬೇರೆ ದಾರಿ ಇಲ್ಲ ಅಂದ್ರೆ ಗಿಡ್ಡ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಒಂದು ತಂದು ಡಾಂಗಲ್ಲನ್ನ ಮೌಸ್ ಹತ್ರಕ್ಕೆ ಎಳ್ಕೊಳ್ಳಿ. ಬ್ಲೂಟೂತೂ ಅದೇ 2.4ರಲ್ಲೇ ಓಡೋದು, ಆದ್ರೆ ಅದು ಚಾನೆಲ್ ಬದಲಾಯಿಸ್ತಾ ಹಾರ್ತಾ ಇರತ್ತೆ, ಹಾಗಂತ ಅದಕ್ಕೆ ತೊಂದ್ರೇನೇ ಆಗಲ್ಲ ಅಂತೇನಿಲ್ಲ. ವೈಫೈಯೂ 2.4ರಲ್ಲಿದ್ರೆ ಅಡ್ಡ ಬರತ್ತೆ, ಅದಕ್ಕೇ ಬ್ಲೂಟೂತ್ ಮೌಸ್ ತಡವರಿಸಿದ್ರೆ ಮನೆ ವೈಫೈಯನ್ನ 5 ಗಿಗಾಹರ್ಟ್ಜ್‌ಗೆ ಬದಲಾಯಿಸಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗತ್ತೆ.

ಸೈಜ್ ವಿಷಯಕ್ಕೆ ಬರೋಣ. ಚಿಕ್ಕದು ಬೇಕು ಅಂತ ತೀರಾ ಚಪ್ಪಟೆ ಮೌಸ್ ತಗೊಂಡ್ರೆ ಅಂಗೈ ಊರೋಕೆ ಜಾಗ ಇರಲ್ಲ, ಬೆರಳ ತುದೀಲೇ ಹಿಡೀಬೇಕು. ಮೀಟಿಂಗಲ್ಲಿ ಅರ್ಧ ಗಂಟೆಗೆ ಓಕೆ, ದಿನವಿಡೀ ಎಕ್ಸೆಲ್ ಮಾಡೋರಿಗೆ ಸಂಜೆ ಹೊತ್ತಿಗೆ ಬೆರಳು ಮಣಿಕಟ್ಟು ಎರಡೂ ಹಿಡ್ಕೊಳ್ಳತ್ತೆ. ನೀವು ಎಕ್ಸೆಲ್ ಅಂದಿರೋದ್ರಿಂದ ಹೇಳ್ತಿದೀನಿ, ಉದ್ದ ಕಮ್ಮಿ ಇರ್ಲಿ, ಆದ್ರೆ ಬೆನ್ನು ಸ್ವಲ್ಪ ಉಬ್ಬಿರೋದು ನೋಡಿ. ಇದು ಫೋಟೋ ನೋಡಿ ಗೊತ್ತಾಗಲ್ಲ, ಅಂಗಡೀಲಿ ಕೈಯಲ್ಲಿ ಹಿಡಿದೇ ನೋಡ್ಬೇಕು, ಬೆಂಗಳೂರಲ್ಲಿದ್ರೆ ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರೋ ಎಸ್‌ಪಿ ರೋಡಿಗೆ ಒಂದು ರೌಂಡ್ ಹೋಗಿ ಬನ್ನಿ. ಅಲ್ಲೇ ಸ್ಕ್ರೋಲ್ ಚಕ್ರ ತಿರುಗಿಸಿ, ಕ್ಲಿಕ್ ಸದ್ದು ಕೇಳಿ. ಸೈಲೆಂಟ್ ಕ್ಲಿಕ್ ಇರೋದಾದ್ರೆ ಪಕ್ಕದ ಸೀಟಿನವ್ರಿಗೂ ನೆಮ್ಮದಿ, ಮನೇಲಿ ಮಗು ಮಲಗಿದ್ದಾಗ್ಲೂ ಉಪಯೋಗ. ಎಡಗೈಯವ್ರು ಎರಡೂ ಕಡೆ ಒಂದೇ ಆಕಾರ ಇರೋದನ್ನ ತಗೊಳ್ಳಿ.

ಬಾಕ್ಸ್ ಮೇಲೆ ದೊಡ್ಡದಾಗಿ ಬರೆದಿರೋ ಡಿಪಿಐಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. 1000 ಡಿಪಿಐ ಅಂದ್ರೆ ಮೌಸನ್ನ ಒಂದು ಇಂಚು ಸರಿಸಿದ್ರೆ ಬಾಣ ಹೆಚ್ಚುಕಮ್ಮಿ 1000 ಪಿಕ್ಸೆಲ್ ಹೋಗತ್ತೆ, 1920 ಪಿಕ್ಸೆಲ್ ಅಗಲದ ಸ್ಕ್ರೀನಿಗೆ ಎರಡು ಇಂಚು ಸಾಕಾಯ್ತಲ್ಲ. ಆಫೀಸ್ ಕೆಲಸಕ್ಕೆ ಇನ್ನೇನು ಬೇಕು? ಆದ್ರೆ ಗಾಜಿನ ಟೇಬಲ್ ಇದ್ರೆ ಹುಷಾರು. ಮೌಸ್ ಅಡೀಲಿರೋ ಸೆನ್ಸರ್ ಕೆಳಗಿನ ಮೇಲ್ಮೈಯ ಫೋಟೋ ತೆಗೀತಾನೇ ಇರತ್ತೆ, ಹಿಂದಿನದಕ್ಕೂ ಈಗಿನದಕ್ಕೂ ಇರೋ ವ್ಯತ್ಯಾಸ ನೋಡಿ ಎಷ್ಟು ಸರಿದಿದೀವಿ ಅಂತ ಲೆಕ್ಕ ಹಾಕತ್ತೆ, ಗಾಜಲ್ಲಿ ಅದಕ್ಕೆ ಹಿಡಿಯೋಕೆ ಗುರುತೇ ಸಿಗಲ್ಲ. ಗಾಜಿನ ಮೇಲೆ ಓಡೋ ಮೌಸೂ ಇವೆ, ಬೆಲೆ ಜಾಸ್ತಿ. ಒಂದು ನೋಟ್‌ಬುಕ್ ಅಡಿಗಿಟ್ರೆ ಕೆಲಸ ಆಗತ್ತೆ.

ಬ್ಯಾಟರೀಲಿ ನನ್ನ ಓಟು ಪೆನ್ಸಿಲ್ ಶೆಲ್ ಹಾಕೋ ಮೌಸಿಗೇ. ಗೋಡೆ ಗಡಿಯಾರಕ್ಕೆ ಹಾಕೋ ಅದೇ ಶೆಲ್, ಬೀದಿ ಕೊನೆ ಅಂಗಡೀಲೂ ಸಿಗತ್ತೆ, ಒಂದು ಹಾಕಿದ್ರೆ ತಿಂಗಳುಗಟ್ಟಲೆ ಬರತ್ತೆ. ತೀರಾ ಅಗ್ಗದ ಶೆಲ್ ಬೇಡ, ಅದು ಬೇಗ ಸೋರಿ ಸ್ಪ್ರಿಂಗಿಗೆ ತುಕ್ಕು ಹಿಡಿಸತ್ತೆ, ಆಲ್ಕಲೈನ್ ಅಂತ ಬರೆದಿರೋದು ಹಾಕಿ. ಚಾರ್ಜ್ ಮಾಡೋ ಮೌಸಲ್ಲಿ ಒಳಗಿನ ಬ್ಯಾಟರಿ ಸತ್ರೆ ತೆಗೆದು ಬೇರೆ ಹಾಕೋಕೆ ಹೆಚ್ಚಿನವಲ್ಲಿ ದಾರಿ ಇರಲ್ಲ. ಅದನ್ನೇ ತಗೊಳ್ಳೋದಾದ್ರೆ ಚಾರ್ಜಿಂಗ್ ಪೋರ್ಟ್ ಮುಂದ್ಗಡೆ ಇದೆಯಾ ನೋಡಿ, ಆಪಲ್ ಮ್ಯಾಜಿಕ್ ಮೌಸಿನ ಹಾಗೆ ಅಡೀಲಿದ್ರೆ ಚಾರ್ಜ್ ಆಗೋವಾಗ ಬಳಸೋಕೇ ಆಗಲ್ಲ.

ಇನ್ನು ಬಿಲ್ ಮಾಡ್ಸೋಕೆ ಮುಂಚೆ ಬಾಕ್ಸ್ ಹಿಂದಿನ ಚಿಕ್ಕ ಅಕ್ಷರ ಓದಿ. "ಡಾಂಗಲ್ಲಿಗೂ ಕೂಡತ್ತೆ" ಅನ್ನೋದು ಬೇರೆ, ಡಾಂಗಲ್ ಬಾಕ್ಸ್ ಒಳಗೇ ಇರೋದು ಬೇರೆ. ಲಾಜಿಟೆಕ್ ಪೆಬಲ್ ಎಂ350 ಮೌಸಿಗೆ ಡಾಂಗಲ್ ಜೊತೇಲೇ ಬರ್ತಿತ್ತು, ಆಮೇಲೆ ಬಂದ ಪೆಬಲ್ ಮೌಸ್ 2 ಬೋಲ್ಟ್ ಡಾಂಗಲ್ಲಿಗೆ ಕೂಡತ್ತೆ, ಆದ್ರೆ ಸಾಮಾನ್ಯವಾಗಿ ಡಾಂಗಲ್ ಬೇರೆ ಕೊಳ್ಬೇಕು. ಎರಡೂ ನೋಡೋಕೆ ಒಂದೇ ಥರ ಇರೋದ್ರಿಂದ ಹೆಸರಿನ ಕೊನೇಲಿ 2 ಇದೆಯಾ ಇಲ್ವಾ ಅಂತ ನೋಡ್ಕೊಂಡು ದುಡ್ಡು ಕೊಡಿ.