ಹಾಯಿಯ ಕಂದು ಬಣ್ಣ ಕೊಳೆಯಲ್ಲ

"ಹಾಯಿಗಳು ತುಂಬಾ ಕೊಳೆಯಾಗಿವೆ, ಬೆಳ್ಳಗೆ ಮಾಡಿಕೊಡ್ತೀರಾ?" ಹಳೇ ವರ್ಣಚಿತ್ರಗಳನ್ನು ಸರಿಪಡಿಸುವುದು ನನ್ನ ಕೆಲಸ. ನೆದರ್ಲೆಂಡ್ಸಿನ ವೊಲೆಂಡಾಮ್ ಎಂಬ ಮೀನುಗಾರರ ಬಂದರಿನ ದೋಣಿಗಳ ಚಿತ್ರ ಹಿಡಿದು ಬರುವವರು ನನ್ನನ್ನು ಕೇಳುವುದು ಇದನ್ನೇ. ಆಗುವುದಿಲ್ಲ. ಆ ಹಾಯಿಗಳು ಇದ್ದದ್ದೇ ಕಂದು.

ಹತ್ತಿ ಇರಲಿ, ಅಗಸೆ ನಾರಿರಲಿ, ಒದ್ದೆ ಬಟ್ಟೆ ಬೇಗ ಕೊಳೆತು ಹೋಗುತ್ತದೆ. ಅದಕ್ಕೇ ಮೀನುಗಾರರು ಹಾಯಿ, ಬಲೆಗಳನ್ನು ಓಕ್ ತೊಗಟೆ ಕುದಿಸಿದ ನೀರಿನಲ್ಲಿ ಅದ್ದುತ್ತಿದ್ದರು. 19ನೇ ಶತಮಾನದಲ್ಲಿ ಏಷ್ಯಾದಿಂದ ಕಾಚು ಬರತೊಡಗಿತು. ನಾವು ಎಲೆ ಅಡಿಕೆಗೆ ಹಾಕುತ್ತೇವಲ್ಲ, ಅದೇ ಕಾಚು. ಅದ್ದಿದಷ್ಟೂ ಬಣ್ಣ ಗಾಢ, ಹೊಸ ತೇಪೆ ಹಾಕಿದ ಕಡೆ ತಿಳಿ. 1881ರಲ್ಲಿ ಸ್ಪಾಂಡರ್ ಹೋಟೆಲ್ ಶುರುವಾದ ಮೇಲೆ ನಾನಾ ದೇಶದ ಚಿತ್ರಕಾರರು ಈ ಊರಿಗೆ ಬಂದು ಉಳಿದರು. ಕೈ ಪಳಗಿದವರು ಆ ತೇಪೆಯನ್ನೂ ಬಿಟ್ಟಿಲ್ಲ. 1932ರಲ್ಲಿ ಅಣೆಕಟ್ಟು ಕಟ್ಟಿ ಊರಿನ ಮುಂದಿನ ಕೊಲ್ಲಿಯನ್ನು ಸಮುದ್ರದಿಂದ ಬೇರೆ ಮಾಡಿದರು. ಮೀನುಗಾರಿಕೆ ಸೊರಗಿತು. ಕಂದು ಹಾಯಿ ಕಂಡವರೇ ಈಗ ಕಡಿಮೆ.

ಹಾಗಾದರೆ ಚಿತ್ರದ ಮೇಲೆ ಬಳಿದ ವಾರ್ನಿಷ್ ಹಳದಿಯಾಗಿರುವುದಿಲ್ವಾ? ಎಷ್ಟೋ ಸಲ ಆಗಿರುತ್ತದೆ. ಆದರೆ ಅದನ್ನು ಹಾಯಿಯಲ್ಲಿ ಹುಡುಕಬೇಡಿ, ಹೆಂಗಸರ ಬಿಳಿ ಲೇಸ್ ಟೋಪಿ ನೋಡಿ. ವಾರ್ನಿಷ್ ಬಳಿಯುವುದು ಇಡೀ ಚಿತ್ರಕ್ಕೆ. ಹಾಯಿ ಒಂದನ್ನೇ ಅದು ಹಳದಿ ಮಾಡುವುದಿಲ್ಲ. ಟೋಪಿ ಟೀ ಬಣ್ಣಕ್ಕೆ ತಿರುಗಿ, ನೀಲಿ ಆಕಾಶ ಹಸಿರಾಗಿ ಕಂಡರೆ ವಾರ್ನಿಷ್ ಮೇಲೆ ಅನುಮಾನ ಪಡಿ. ಟೋಪಿ ಬೆಳ್ಳಗಿದ್ದು ಹಾಯಿ ಮಾತ್ರ ಕಂದಾಗಿದ್ದರೆ, ಬಹುಮಟ್ಟಿಗೆ ಅದು ಚಿತ್ರಕಾರ ಹಚ್ಚಿದ ಬಣ್ಣವೇ. ಬಹುಮಟ್ಟಿಗೆ ಅನ್ನಲು ಕಾರಣ ಇದೆ. ನೆರಳಿನಲ್ಲಿ ನಿಂತವಳ ಟೋಪಿಯನ್ನು ಚಿತ್ರಕಾರನೇ ಹಳದಿ ಬೆರೆಸಿ ಬರೆದಿರಬಹುದು. ಅತಿನೇರಳೆ ದೀಪದಡಿ ಮರದ ರಾಳದ ಹಳೇ ವಾರ್ನಿಷ್ ಸಾಮಾನ್ಯವಾಗಿ ಹಸಿರು ಮಂಜಿನಂತೆ ಹೊಳೆಯುತ್ತದೆ. ಅದನ್ನು ನೋಡಿಯೂ, ಹತ್ತಿ ಸುತ್ತಿದ ಕಡ್ಡಿಯಿಂದ ಮೂಲೆಯಲ್ಲಿ ಸಾಸಿವೆಯಷ್ಟು ಜಾಗ ಪರೀಕ್ಷಿಸದೆ ನಾನು ಮಾತು ಕೊಡುವುದಿಲ್ಲ.

ದಯವಿಟ್ಟು ಮನೆಯಲ್ಲೇ ಉಜ್ಜಬೇಡಿ. ಅಜ್ಜಿಯೊಬ್ಬರು ಹೆಚ್ಚಿದ ಆಲೂಗಡ್ಡೆಯಿಂದ ಹಾಯಿ ಉಜ್ಜಿ, ಆಮೇಲೆ ಚಿತ್ರ ತಂದರು. ಅವರ ತಂದೆಯ ದೋಣಿಯಂತೆ ಅದು. ಪ್ರೀತಿಯಿಂದಲೇ ಉಜ್ಜಿದ್ದರು, ಪಾಪ. ಮೇಲಿನ ತೆಳು ಕಂದು ಪದರ ಹೋಗಿ, ಕ್ಯಾನ್ವಾಸಿನ ನೇಯ್ಗೆಯ ಉಬ್ಬುಗಳು ಬೂದು ಚುಕ್ಕೆಗಳಾಗಿ ಎದ್ದಿದ್ದವು. ಹಾಯಿ ಮೇಲಿನ 'ವಿಡಿ' ಅಕ್ಷರಗಳು, ಅಂದರೆ ವೊಲೆಂಡಾಮ್ ದೋಣಿಗಳ ಗುರುತು, ಉಳಿದಿದ್ದವು, ಪಕ್ಕದ ದೋಣಿ ಸಂಖ್ಯೆ ಅಳಿಸಿತ್ತು. ಕಂದು ಬಣ್ಣವನ್ನು, ಬೇಕಾದರೆ ಮುಂದೆ ತೆಗೆಯಲು ಬರುವ ಹಾಗೆ, ಚುಕ್ಕೆ ಚುಕ್ಕೆಯಾಗಿ ತುಂಬಿಕೊಟ್ಟೆ. ಸಂಖ್ಯೆಯನ್ನೂ ಬರೆಯಿರಿ, ನನಗೆ ನೆನಪಿದೆ ಎಂದರು. ಮರುವಾರ ಬೇರೆ ಸಂಖ್ಯೆ ಹೇಳಿದರು. ಹಳೇ ಫೋಟೋ ಸಿಕ್ಕರೆ ತನ್ನಿ, ಅಲ್ಲಿಯವರೆಗೆ ಆ ಜಾಗ ಖಾಲಿ ಇರಲಿ ಎಂದಿದ್ದೇನೆ.